ಪೆಡಲ್ ಆಮೇಲೆ ನೋಡೋಣ, ಮೊದಲು ತಂತಿ ಬದಲಿಸಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಎಲೆಕ್ಟ್ರಿಕ್ ಗಿಟಾರ್

ಪ್ರಶ್ನೆ: ಸರ್, ಹೋದ ವರ್ಷ 11 ಸಾವಿರ ಕೊಟ್ಟು ಸ್ಟ್ರಾಟ್ ಮಾದರಿಯ ಗಿಟಾರ್ ತಗೊಂಡೆ. ಜೊತೆಗೆ 10 ವ್ಯಾಟಿನ ಒಂದು ಚಿಕ್ಕ ಆಂಪ್. ಕ್ಲೀನ್‌ನಲ್ಲಿ ನುಡಿಸಿದರೆ ಸಪ್ಪೆ, ಡಿಸ್ಟಾರ್ಷನ್ ಹಾಕಿದರೆ ಡಬ್ಬದೊಳಗೆ ಜೇನುಹುಳ ಕೂಡಿಹಾಕಿದ ಹಾಗೆ ಗುಂಯ್ ಅನ್ನುತ್ತದೆ. ಕೈಯಲ್ಲಿ 4 ಸಾವಿರ ಇದೆ. ಒಳ್ಳೆ ಡಿಸ್ಟಾರ್ಷನ್ ಪೆಡಲ್ ತಗೊಳ್ಳಲಾ, ಪಿಕಪ್ ಬದಲಿಸಲಾ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಎರಡೂ ಬೇಡ. (ಪಿಕಪ್ ಅಂದರೆ ತಂತಿಯ ಕಂಪನವನ್ನು ಕರೆಂಟಾಗಿ ಮಾಡುವ, ತಂತಿಯ ಕೆಳಗಿನ ಮ್ಯಾಗ್ನೆಟ್ ಭಾಗ; ಪೆಡಲ್ ಅಂದರೆ ಗಿಟಾರಿಗೂ ಆಂಪಿಗೂ ನಡುವೆ ಇಟ್ಟು ಸದ್ದು ಬದಲಿಸುವ ಪೆಟ್ಟಿಗೆ.) ದುಡ್ಡು ಜೇಬಿನಲ್ಲೇ ಇರಲಿ, ಅದರಲ್ಲಿ ಒಂದು ಸಾವಿರ ಮಾತ್ರ ತೆಗೆಯಿರಿ.

ತಂತಿ ಯಾವಾಗ ಬದಲಿಸಿದ್ದು? ಅಂಗಡಿಯಿಂದ ಬಂದಾಗ ಇದ್ದ ತಂತಿಗಳೇ ಈಗಲೂ ಇದ್ದರೆ, ನಿಮ್ಮ ‘ಸಪ್ಪೆ’ಗೆ ಅರ್ಧ ಕಾರಣ ಅಲ್ಲೇ ಸಿಕ್ಕಿತು. ಬೆವರು, ದೂಳು, ತುಕ್ಕು ಎಲ್ಲ ಸೇರಿ ಹಳೆ ತಂತಿಯ ಹೊಳಪಿನ ಸದ್ದು ಸತ್ತುಹೋಗಿರುತ್ತದೆ, ಅದರ ಮೇಲೆ ಎಂಥ ಪೆಡಲ್ ಹಾಕಿದರೂ ಸತ್ತದ್ದು ಎದ್ದು ಬರುವುದಿಲ್ಲ. ಡಿ'ಅಡಾರಿಯೊ, ಎರ್ನಿ ಬಾಲ್ ತರಹದ ಕಂಪನಿಗಳ ಮಾಮೂಲಿ ನಿಕಲ್ ತಂತಿಯ ಸೆಟ್ ಸುಮಾರು 500-700 ರೂಪಾಯಿಗೆ ಸಿಗುತ್ತದೆ. 9-42 ಅಥವಾ 10-46 ಸೆಟ್ ತನ್ನಿ. ಆ ಅಂಕಿಗಳು ತಂತಿಯ ದಪ್ಪ, ಇಂಚಿನ ಸಾವಿರ ಪಾಲಿನ ಲೆಕ್ಕದಲ್ಲಿ. ಬೆರಳು ಇನ್ನೂ ಗಟ್ಟಿಯಾಗಿಲ್ಲದಿದ್ದರೆ 9ರ ಸೆಟ್ ಸಾಕು.

ಹೊಸ ತಂತಿ ಹಾಕಿದ ಮೇಲೆ ಕಂಪಾಸ್ ಬಾಕ್ಸಿನ ಸ್ಕೇಲ್ ತೆಗೆಯಿರಿ. ಅದರ ತುದಿಯಲ್ಲಿ ಸೊನ್ನೆಗೆ ಮೊದಲು ಸ್ವಲ್ಪ ಖಾಲಿ ಜಾಗ ಇರುತ್ತದೆ, ಅದನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಸೊನ್ನೆಯ ಗೆರೆವರೆಗೂ ಸವೆಸಿ. ಈಗ ದಪ್ಪ ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿ ಹಿಡಿದು, ತಂತಿಯ ಕೆಳಗಂಚಿಗೂ ಪಿಕಪ್‌ನ ಮೇಲಿನ ಆ ಗುಂಡು ಮ್ಯಾಗ್ನೆಟ್ ತುದಿಗೂ ಮಧ್ಯೆ ಎಷ್ಟು ಜಾಗ ಇದೆ ಅಂತ ಅಳೆಯಿರಿ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಆದರೆ ದಪ್ಪ ತಂತಿಯ ಕಡೆ ಸುಮಾರು 2 ಮಿ.ಮೀ., ಸಣ್ಣ ತಂತಿಯ ಕಡೆ 1.6 ಮಿ.ಮೀ. ಇರಲಿ. ಪಿಕಪ್‌ನ ಎರಡು ತುದಿಯಲ್ಲಿ ಒಂದೊಂದು ಸ್ಕ್ರೂ ಇದೆ ನೋಡಿ, ಅದನ್ನು ತಿರುಗಿಸಿದರೆ ಪಿಕಪ್ ಏರುತ್ತದೆ, ಇಳಿಯುತ್ತದೆ. ಇದಕ್ಕೆ ಪೈಸೆ ಖರ್ಚಿಲ್ಲ. ಅಗ್ಗದ ಗಿಟಾರ್‌ಗಳಲ್ಲಿ ಇದನ್ನು ಯಾರೂ ಸರಿಮಾಡಿ ಕಳಿಸುವುದಿಲ್ಲ. ಒಂದೋ ಪಿಕಪ್ ತೀರಾ ಕೆಳಗಿದ್ದು ಸದ್ದು ಬಡಕಲಾಗಿರುತ್ತದೆ, ಇಲ್ಲಾ ತೀರಾ ಮೇಲಿದ್ದು ಮ್ಯಾಗ್ನೆಟ್ ತಂತಿಯನ್ನೇ ಎಳೆದು, ದಪ್ಪ ತಂತಿಯಲ್ಲಿ ಮೇಲಿನ ಫ್ರೆಟ್‌ಗಳನ್ನು ನುಡಿಸುವಾಗ ಸ್ವರ ನಡುಗುತ್ತದೆ. ಶ್ರುತಿ ಸರಿಯಿದ್ದೂ ಏನೋ ಅಪಸ್ವರ ಅನಿಸುತ್ತದಲ್ವಾ, ಎಷ್ಟೋ ಸಲ ಅದು ಇದೇ. 2 ಮಿ.ಮೀ. ಅನ್ನುವುದು ಶುರು ಮಾಡುವ ಜಾಗ ಅಷ್ಟೇ. ಅಲ್ಲಿಂದ ಅರ್ಧರ್ಧ ಸುತ್ತು ತಿರುಗಿಸುತ್ತಾ ಕಿವಿ ಹೇಳಿದ ಕಡೆ ನಿಲ್ಲಿಸಿ.

ಇಂಟೊನೇಷನ್, ಅಂದರೆ ಮೇಲಿನ ಫ್ರೆಟ್‌ಗಳಲ್ಲೂ ಶ್ರುತಿ ಸರಿಯಿರುವ ಹಾಗೆ ಮಾಡುವುದು, ಅದನ್ನೂ ಅದೇ ಸಂಜೆ ಮುಗಿಸಿಬಿಡಿ. 12ನೇ ಫ್ರೆಟ್ ಮೇಲೆ ತಂತಿಯನ್ನು ಸುಮ್ನೆ ಮುಟ್ಟಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಫೋನಿನ ಟ್ಯೂನರ್‌ನಲ್ಲಿ ಒತ್ತಿದ ಸ್ವರ ಮೇಲೆ ಹೋಗಿದ್ದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಕುತ್ತಿಗೆಯ ಬಾಗು ಸರಿಮಾಡುವ ಟ್ರಸ್ ರಾಡ್ ತಂಟೆಗೆ ಮಾತ್ರ ಸದ್ಯಕ್ಕೆ ಹೋಗಬೇಡಿ.

ಇನ್ನು ಜೇನುಹುಳದ ವಿಷಯ. ನಿಮ್ಮ ಆಂಪ್ ನೋಡದೆಯೇ ನಾಬ್‌ಗಳು ಎಲ್ಲಿವೆ ಅಂತ ಹೇಳಲಾ? ಗೇನ್ (ಡಿಸ್ಟಾರ್ಷನ್ ಎಷ್ಟು ಅಂತ ಹೇಳುವ ನಾಬ್) 9, ಬೇಸ್ 10, ಟ್ರೆಬಲ್ 9, ಮಿಡ್ 2. ಹೊಸದಾಗಿ ಕಲಿಯುವ ನೂರಕ್ಕೆ ತೊಂಬತ್ತು ಜನ ಇಲ್ಲೇ ಇರುತ್ತಾರೆ, ಯಾಕೆಂದರೆ ರೂಮಿನಲ್ಲಿ ಒಬ್ಬರೇ ಕೂತು ಮೆಲ್ಲಗೆ ನುಡಿಸುವಾಗ ನಮ್ಮ ಕಿವಿಗೆ ಬೇಸ್ ಮತ್ತು ಟ್ರೆಬಲ್ ಕಮ್ಮಿ ಕೇಳುತ್ತದೆ, ಅದನ್ನು ತುಂಬಿಸಲು ನಾವು ಎರಡನ್ನೂ ಏರಿಸುತ್ತಾ ಹೋಗುತ್ತೇವೆ. ಆದರೆ ದಪ್ಪ ಇ ತಂತಿಯ ಸ್ವರ 82 ಹರ್ಟ್ಸ್. ಆ ಪುಟ್ಟ ಆಂಪ್‌ನ 6 ಇಂಚಿನ ಸ್ಪೀಕರಿಗೆ ಅಷ್ಟು ಕೆಳಗಿನದನ್ನು ಗಟ್ಟಿಯಾಗಿ ಹೊರಡಿಸುವ ತಾಕತ್ತೇ ಇಲ್ಲ. ಬೇಸ್ ಏರಿಸಿದಷ್ಟೂ ಅದು ಒದ್ದಾಡುತ್ತದೆ, ಉಳಿದ ಸದ್ದನ್ನೂ ಕೆಡಿಸುತ್ತದೆ.

ಹಾಗಾಗಿ ಎಲ್ಲವನ್ನೂ 5ಕ್ಕೆ ತನ್ನಿ. ಬೇಸ್ 3ಕ್ಕೆ ಇಳಿಸಿ, ಮಿಡ್ 7ಕ್ಕೆ ಏರಿಸಿ. ಗೇನ್ ಅನ್ನು ಸೊನ್ನೆಯಿಂದ ಮೇಲಕ್ಕೆ ತನ್ನಿ, ಕಾರ್ಡ್ ಹೊಡೆದಾಗ ಅಂಚು ಸ್ವಲ್ಪ ಒರಟಾಯಿತು ಅನಿಸಿದಲ್ಲಿ ನಿಲ್ಲಿಸಿ. ಮೊದಲ ದಿನ ‘ಇಷ್ಟೇನಾ?’ ಅನಿಸುತ್ತದೆ. ಒಂದು ವಾರ ತಡೆಯಿರಿ. ಗೇನ್ ಜಾಸ್ತಿಯಾದಷ್ಟೂ ಮೆಲ್ಲಗೆ ಹೊಡೆದದ್ದೂ ಜೋರಾಗಿ ಹೊಡೆದದ್ದೂ ಒಂದೇ ಮಟ್ಟಕ್ಕೆ ಬಂದುಬಿಡುತ್ತದೆ, ಆರು ತಂತಿಯ ಕಾರ್ಡ್‌ನಲ್ಲಿ ಸ್ವರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ರೆಕಾರ್ಡಿಂಗ್‌ನಲ್ಲಿ ನೀವು ಕೇಳುವ ಆ ದೈತ್ಯ ಗಿಟಾರ್ ಇದೆಯಲ್ಲ, ಅದು ಹೆಚ್ಚಿನ ಸಲ ಒಂದೇ ಭಾಗವನ್ನು ಎರಡು ಬಾರಿ ನುಡಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಇಟ್ಟಿದ್ದು. ಒಂದೊಂದನ್ನೇ ಬಿಡಿಸಿ ಕೇಳಿದರೆ ಗೇನ್ ನೀವಂದುಕೊಂಡದ್ದಕ್ಕಿಂತ ಎಷ್ಟೋ ಕಮ್ಮಿ ಇರುತ್ತದೆ. ಗಿಟಾರ್‌ನಲ್ಲೇ ಇರುವ ವಾಲ್ಯೂಮ್ ನಾಬ್ ಕೂಡ ಉಪಯೋಗಿಸಿ. ಅದನ್ನು 10ರಿಂದ 7ಕ್ಕೆ ತಂದರೆ ಡಿಸ್ಟಾರ್ಷನ್ ತಾನಾಗಿ ತಿಳಿಯಾಗುತ್ತದೆ.

ಆಂಪ್ ನೆಲದ ಮೇಲಿದೆಯಾ? ಎತ್ತಿ ಕುರ್ಚಿಯ ಮೇಲಿಡಿ. ಟ್ರೆಬಲ್ ಸ್ಪೀಕರಿನಿಂದ ನೆಟ್ಟಗೆ ಮುಂದಕ್ಕೆ ಹೋಗುತ್ತದೆ. ಆಂಪ್ ಕೆಳಗಿದ್ದರೆ ಅದು ನಿಮ್ಮ ಮೊಣಕಾಲಿಗೆ ಕೇಳುತ್ತದೆ, ಕಿವಿಗಲ್ಲ. ಗೋಡೆಯ ಮೂಲೆಯಿಂದ ಈಚೆ ತಂದರೆ ಗುಂಯ್‌ಗುಟ್ಟುವುದೂ ಕಮ್ಮಿಯಾಗುತ್ತದೆ.

ಚಿಕ್ಕ ಆಂಪ್ ಅಂದಾಗ ನೆನಪಾಯಿತು. 1964ರಲ್ಲಿ ಲಂಡನ್ನಿನ ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ ತನ್ನ ಅಗ್ಗದ ಪುಟ್ಟ ಆಂಪ್‌ನ ಸ್ಪೀಕರ್ ಕೋನನ್ನು ಬ್ಲೇಡಿನಿಂದ ಸೀಳಿ ಆ ಕಾಲಕ್ಕೆ ಅಪರೂಪದ ಒರಟು ಸದ್ದು ಹೊರಡಿಸಿದ್ದ. ನೀವು ಬ್ಲೇಡ್ ತೆಗೆಯಬೇಡಿ, ಸುಮ್ನೆ ಹೇಳಿದೆ.

ಸಾವಿರದಲ್ಲಿ ಉಳಿದ ಚಿಲ್ಲರೆಗೆ 0.73 ಮತ್ತು 0.88 ಮಿ.ಮೀ.ನ ಎರಡು ಪಿಕ್ ತನ್ನಿ. ಗಿಟಾರ್ ಜೊತೆ ಬರುವ ತೆಳು ಪಿಕ್ ತಂತಿಗೆ ಬಡಿದು ಟಕ್ ಟಕ್ ಅನ್ನುವುದೇ ಜಾಸ್ತಿ. ಮಿಕ್ಕ 3 ಸಾವಿರ ಕೂಡಿಡಿ. ಇನ್ನಷ್ಟು ಸೇರಿದ ಮೇಲೆ ಪೆಡಲ್ ಅಲ್ಲ, 10 ಅಥವಾ 12 ಇಂಚಿನ ಸ್ಪೀಕರ್ ಇರುವ ಸೆಕೆಂಡ್ ಹ್ಯಾಂಡ್ ಆಂಪ್ ಹುಡುಕಿ. ಸದ್ದು ಕೊನೆಗೆ ಹೊರಬರುವುದು ಸ್ಪೀಕರಿನಿಂದ. ದುಡ್ಡು ಎಲ್ಲಿ ಹಾಕಿದರೆ ಜಾಸ್ತಿ ಗೊತ್ತಾಗುತ್ತದೆ ಅಂದರೆ ಈ ಎರಡು ತುದಿಯಲ್ಲಿ, ತಂತಿ ಮತ್ತು ಸ್ಪೀಕರ್. ನಡುವಿನದ್ದೆಲ್ಲ ಆಮೇಲೆ.

ಪ್ರಶ್ನೆ: ಮಳೆಗಾಲದಲ್ಲಿ ತಂತಿ ತಿಂಗಳೊಳಗೆ ತುಕ್ಕು ಹಿಡಿಯುತ್ತದೆ ಮಾರಾಯ್ರೆ. ತೆಂಗಿನೆಣ್ಣೆ ಸವರಿದರೆ ಆಗ್ತದಾ?
— ಕಾಲೇಜು ಉಪನ್ಯಾಸಕಿ, ಉಡುಪಿ

ಉತ್ತರ: ದಯವಿಟ್ಟು ಬೇಡ ಮೇಡಂ. ದಪ್ಪ ತಂತಿಗಳ ಸುತ್ತಿನ ಸಂದಿಗೆ ಎಣ್ಣೆ ಇಳಿದು ದೂಳು ಮೆತ್ತಿಕೊಂಡರೆ ತುಕ್ಕಿಗಿಂತ ಬೇಗ ಸದ್ದು ಹೋಗುತ್ತದೆ. ನುಡಿಸುವ ಮೊದಲು ಕೈ ತೊಳೆಯಿರಿ. ಮುಗಿದ ಮೇಲೆ ಹಳೆ ಹತ್ತಿ ಬನಿಯನ್ ತುಂಡಿನಿಂದ ತಂತಿಯ ಮೇಲೆ ಮಾತ್ರವಲ್ಲ, ಬಟ್ಟೆಯನ್ನು ಕೆಳಗೆ ತೂರಿಸಿ ಅಡಿಭಾಗವನ್ನೂ ಒರೆಸಿ. ಗೋಡೆಗೆ ತೂಗುಹಾಕದೆ ಬ್ಯಾಗಿನಲ್ಲಿಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನಿಮ್ಮ ಊರಿನ ಜೂನ್-ಜುಲೈಗೆ ಕೋಟಿಂಗ್ ಇರುವ ತಂತಿ ದುಬಾರಿಯಾದರೂ ಲೆಕ್ಕಕ್ಕೆ ಕೂಡಿಬರುತ್ತದೆ. ಉಳಿದ ತಿಂಗಳು ಮಾಮೂಲಿಯೇ ಸಾಕು.

ಪ್ರಶ್ನೆ: ತಂತಿಯಿಂದ ಕೈ ತೆಗೆದ ಕೂಡಲೇ ಆಂಪ್ ಜೋರಾಗಿ ಬುಂಯ್ ಅನ್ನುತ್ತದೆ, ಮುಟ್ಟಿದರೆ ಕಮ್ಮಿಯಾಗುತ್ತದೆ. ಗಿಟಾರ್ ಕೆಟ್ಟಿದೆಯಾ? ಅಂಗಡಿಯವರು ಪಿಕಪ್ ಬದಲಿಸಬೇಕು ಅಂತಾರೆ.
— ಓದುಗ, ದಾವಣಗೆರೆ

ಉತ್ತರ: ಕೆಟ್ಟಿಲ್ಲ. ಅಂಗಡಿಯವರ ಮಾತು ಸದ್ಯಕ್ಕೆ ಬದಿಗಿಡಿ. ನಮ್ಮ ಮನೆಯ ಕರೆಂಟ್ 50 ಹರ್ಟ್ಸ್. ಸಿಂಗಲ್ ಕಾಯಿಲ್ ಪಿಕಪ್ ತಂತಿಯ ಕಂಪನದ ಜೊತೆಗೆ ಆ ಕರೆಂಟಿನ ಗುಂಯ್ಗಾಟವನ್ನೂ ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಯ ಹಂಬಕರ್ ಪಿಕಪ್ ರೂಪಿಸಿದ್ದೇ ಈ ಕಾಟ ತಪ್ಪಿಸಲು. ನೀವು ತಂತಿ ಮುಟ್ಟಿದಾಗ ನಿಮ್ಮ ಮೈ ಗಿಟಾರ್‌ನ ಗ್ರೌಂಡಿಗೆ ಸೇರುತ್ತದೆ, ಅದಕ್ಕೇ ಕಮ್ಮಿಯಾಗುವುದು. ಅಂದರೆ ಒಳಗಿನ ವೈರಿಂಗ್ ಸರಿಯಿದೆ ಅಂತಲೇ ಅರ್ಥ. ಮುಟ್ಟಿದಾಗ ಜಾಸ್ತಿಯಾಗಿದ್ದರೆ ಆಗ ಬ್ರಿಡ್ಜ್‌ನಿಂದ ಹೋಗುವ ಗ್ರೌಂಡ್ ವೈರ್ ನೋಡಬೇಕಿತ್ತು.

ಹಾಗಾದರೆ ಈ ಸದ್ದು ಎಲ್ಲಿಂದ ಬರುತ್ತಿದೆ? ತಲೆ ಎತ್ತಿ ಫ್ಯಾನ್ ನೋಡಿ. ಅದಕ್ಕೆ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದರೆ ಅದೇ ಮೊದಲ ಕಳ್ಳ. ಆ ಬಗೆಯ ರೆಗ್ಯುಲೇಟರ್ ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ, ಆ ಕತ್ತರಿಯ ಸದ್ದು ನಿಮ್ಮ ಪಿಕಪ್‌ಗೆ ಬೀಳುತ್ತದೆ. ಫ್ಯಾನ್ ಪೂರ್ತಿ ಜೋರಿಗೆ ಇಡಿ, ಇಲ್ಲಾ ಆರಿಸಿ, ವ್ಯತ್ಯಾಸ ಕೇಳಿ. ಆಮೇಲೆ ಡಿಮ್ಮರ್ ದೀಪ, ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಚಾರ್ಜರ್ ಒಂದೊಂದಾಗಿ ತೆಗೆದು ನೋಡಿ. ಆಂಪ್ ಹತ್ತಿರದಿಂದ ಎರಡು ಹೆಜ್ಜೆ ದೂರ ಹೋಗಿ, ಕೂತ ದಿಕ್ಕು ಬದಲಿಸಿ. ಮೂರು ಪಿಕಪ್ ಇರುವ ಗಿಟಾರ್ ಆದರೆ ಪಿಕಪ್ ಆರಿಸುವ ಸ್ವಿಚ್ಚನ್ನು 2 ಅಥವಾ 4ನೇ ಜಾಗಕ್ಕೆ ಹಾಕಿ. ನಡುವಿನ ಪಿಕಪ್‌ನ ಸುತ್ತು, ಮ್ಯಾಗ್ನೆಟ್ ಎರಡನ್ನೂ ತಿರುಗುಮುರುಗು ಮಾಡಿದ್ದರೆ ಅಲ್ಲಿ ಗುಂಯ್ ತಟ್ಟನೆ ನಿಲ್ಲುತ್ತದೆ.

ಒಂದು ಮಾತು ಮಾತ್ರ ಗಂಭೀರವಾಗಿ. ಆಂಪ್‌ನ ಮೂರನೇ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಚುಚ್ಚುವವರನ್ನು ನೋಡಿದ್ದೇನೆ. ಅದು ಜೀವದ ಜೊತೆ ಆಟ. ತಂತಿ ಅಥವಾ ಮೈಕ್ ಮುಟ್ಟಿದಾಗ ಚುರ್ ಅಂದರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ನೋಡಿಸಿ.

ಪ್ರಶ್ನೆ: ಅಪಾರ್ಟ್‌ಮೆಂಟ್, ರಾತ್ರಿ ಮಾತ್ರ ಸಮಯ, ಆಂಪ್ ಇಡಲು ಆಗಲ್ಲ. ಗಿಟಾರನ್ನು ಲ್ಯಾಪ್‌ಟಾಪಿನ ಮೈಕ್ ಜಾಕಿಗೆ ಕನ್ವರ್ಟರ್ ಹಾಕಿ ಸೇರಿಸಿದೆ. ಸದ್ದು ಮಂಕು, ಜೊತೆಗೆ ತಡವಾಗಿ ಕೇಳುತ್ತದೆ. ಪೆಡಲಿಗೆ ನೇರ ಹೆಡ್‌ಫೋನ್ ಹಾಕಿದರೆ ಬರೀ ಚರಚರ.
— ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು

ಉತ್ತರ: ಮೂರು ತೊಂದರೆಗೆ ಮೂರು ಬೇರೆ ಕಾರಣ.

ಮಂಕಾಗುವುದು ಯಾಕೆಂದರೆ ಮೈಕ್ ಜಾಕ್ ಗಿಟಾರಿಗೆ ಮಾಡಿದ್ದಲ್ಲ. ಗಿಟಾರ್ ಪಿಕಪ್‌ಗೆ ಸುಮಾರು 1 ಮೆಗಾ ಓಮ್ (ಹತ್ತು ಲಕ್ಷ ಓಮ್) ತಡೆ ಇರುವ ಇನ್‌ಪುಟ್ ಬೇಕು. ಮೈಕ್ ಜಾಕ್‌ನಲ್ಲಿ ಅದು ಕೆಲವೇ ಸಾವಿರ ಓಮ್, ಅಲ್ಲೇ ಟ್ರೆಬಲ್ ಹೋಗಿಬಿಡುತ್ತದೆ. ಇದಕ್ಕೆ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝಡ್’ ಅಂತ ಬರೆದಿರುವ ಆಡಿಯೊ ಇಂಟರ್‌ಫೇಸ್, ಅಂದರೆ ಗಿಟಾರನ್ನು ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆ ಬೇಕು, ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಧಾರಾಳವಾಗಿ ತಗೊಳ್ಳಿ. ತಡ ಆಗುವುದಕ್ಕೆ ವಿಂಡೋಸ್ ಆದರೆ ಆಸಿಯೊ (ASIO, ಸದ್ದಿನ ತಡ ಕಮ್ಮಿ ಮಾಡುವ) ಡ್ರೈವರ್ ಹಾಕಿ, ಬಫರ್ 128 ಸ್ಯಾಂಪಲಿಗೆ ಇಳಿಸಿ. 48 ಕಿಲೋಹರ್ಟ್ಸ್‌ನಲ್ಲಿ ಅದು 3 ಮಿಲಿಸೆಕೆಂಡಿಗೂ ಕಮ್ಮಿ, ಹೋಗಿ ಬರುವುದು ಎರಡೂ ಸೇರಿದರೂ ಬೆರಳಿಗೆ ಗೊತ್ತಾಗದಷ್ಟು. ಬ್ಲೂಟೂತ್ ಹೆಡ್‌ಫೋನ್ ಮರೆತುಬಿಡಿ, ವೈರ್ ಇರುವುದೇ ಬೇಕು.

ಚರಚರ ಅನ್ನುವುದು ಪೆಡಲಿನ ತಪ್ಪಲ್ಲ. ಗಿಟಾರ್ ಸ್ಪೀಕರ್ ಸುಮಾರು 5 ಸಾವಿರ ಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ಕೇಳಿಸುವುದಿಲ್ಲ, ಡಿಸ್ಟಾರ್ಷನ್ನಿನ ಕೊಳೆಯನ್ನೆಲ್ಲ ಅದೇ ಸೋಸುವುದು. ಹೆಡ್‌ಫೋನ್ ಎಲ್ಲವನ್ನೂ ಕೇಳಿಸಿಬಿಡುತ್ತದೆ. ಅದಕ್ಕೇ ಸಾಫ್ಟ್‌ವೇರಿನಲ್ಲಿ ಸ್ಪೀಕರಿನ ನಕಲು, ಅಂದರೆ ಇಂಪಲ್ಸ್ ರೆಸ್ಪಾನ್ಸ್ ಹಾಕಬೇಕು. ನ್ಯೂರಲ್ ಆಂಪ್ ಮಾಡೆಲರ್ ಅಂತ ಒಂದು ಓಪನ್ ಸೋರ್ಸ್ ಪ್ಲಗಿನ್ ಇದೆ, ಪೂರ್ತಿ ಉಚಿತ. ಲಕ್ಷ ರೂಪಾಯಿಯ ಆಂಪ್‌ಗಳ ನಡವಳಿಕೆ ಕಲಿತ ಫೈಲುಗಳನ್ನು ಜನ ಅದಕ್ಕೆಂದೇ ಮಾಡಿ ಹಂಚುತ್ತಾರೆ. ಆದರೆ ಸಾವಿರ ಫೈಲು ಇಳಿಸಿಕೊಂಡು ರಾತ್ರಿಯೆಲ್ಲ ಬದಲಿಸುತ್ತಾ ಕೂರಬೇಡಿ, ಅದೊಂದು ದೊಡ್ಡ ಚಟ. ಒಂದು ಕ್ಲೀನ್, ಒಂದು ಒರಟು ಆರಿಸಿ, ಉಳಿದದ್ದು ಅಳಿಸಿ.

ಪ್ರಶ್ನೆ: ಮಗ ಪಿಯುಸಿ. ಈಗಿರುವ ಗಿಟಾರಲ್ಲಿ ‘ಟೋನ್’ ಬರಲ್ಲ, 40 ಸಾವಿರದ್ದು ಬೇಕು ಅಂತ ಹಟ ಹಿಡಿದಿದ್ದಾನೆ. ನನಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಏನು ಮಾಡಲಿ?
— ತಂದೆ, ತುಮಕೂರು

ಉತ್ತರ: ಕ್ವೀನ್ ಬ್ಯಾಂಡಿನ ಬ್ರಿಯಾನ್ ಮೇ ಕಥೆ ಅವನಿಗೆ ಗೊತ್ತಿರುತ್ತದೆ, ನಿಮಗೂ ಗೊತ್ತಿರಲಿ, ವಾದಕ್ಕೆ ಬರುತ್ತದೆ. 1963ರಲ್ಲಿ ಹುಡುಗ ಬ್ರಿಯಾನ್ ತನ್ನ ಅಪ್ಪನ ಜೊತೆ ಕೂತು ಮನೆಯಲ್ಲೇ ಗಿಟಾರ್ ಮಾಡಲು ಶುರು ಮಾಡಿದ. ಕುತ್ತಿಗೆ ಹಳೇ ಅಗ್ಗಿಸ್ಟಿಕೆಯ ಮರದ್ದು, ಸ್ವರ ಬಾಗಿಸುವ ಟ್ರೆಮೊಲೊ ಹಿಡಿಯ ಸ್ಪ್ರಿಂಗ್ ಹಳೇ ಮೋಟಾರ್‌ಸೈಕಲ್ಲಿನದು. ಅಂದಿನಿಂದ ಹೆಚ್ಚಾಗಿ ಅದನ್ನೇ ನುಡಿಸುತ್ತಾ ಬಂದಿದ್ದಾನೆ, ಪಿಕ್ ಬದಲು ಸಿಕ್ಸ್‌ಪೆನ್ಸ್ ನಾಣ್ಯ ಹಿಡಿದು. ಅದೇ ಬ್ಯಾಂಡಿನ ಜಾನ್ ಡೀಕನ್ ಬೀದಿಯ ಕಸದಲ್ಲಿ ಸಿಕ್ಕ ಒಂದು ಸರ್ಕ್ಯೂಟ್ ಬೋರ್ಡಿನಿಂದ ಬ್ಯಾಟರಿಯ ಪುಟ್ಟ ಆಂಪ್ ಮಾಡಿಕೊಟ್ಟ, ಅದು ಅವರ ರೆಕಾರ್ಡುಗಳಲ್ಲೂ ಕೇಳಿಸುತ್ತದೆ.

ಹಾಗಂತ ಮಗನ ಮಾತು ಪೂರ್ತಿ ಸುಳ್ಳೂ ಅಲ್ಲ. ಶ್ರುತಿ ನಿಲ್ಲದ, ಫ್ರೆಟ್ ಬೆರಳು ಕುಯ್ಯುವ ಗಿಟಾರ್ ಆಗಿದ್ದರೆ ಕಲಿಯುವ ಉತ್ಸಾಹವೇ ಹೋಗುತ್ತದೆ. ಮೊದಲು ಇರುವುದಕ್ಕೆ ಹೊಸ ತಂತಿ ಹಾಕಿಸಿ, ಸೆಟಪ್ ಮಾಡಿಸಿ. ಆಮೇಲೆ ಅದನ್ನೇ ಹೆಗಲಿಗೆ ಹಾಕಿಸಿಕೊಂಡು ಅಂಗಡಿಗೆ ಕರೆದೊಯ್ಯಿರಿ. ಅಲ್ಲಿ 12 ಇಂಚಿನ ಸ್ಪೀಕರ್ ಇರುವ ಆಂಪ್‌ಗೆ ಹಳೇದನ್ನು ಚುಚ್ಚಿ ನುಡಿಸಲಿ, ಆಮೇಲೆ 40 ಸಾವಿರದ್ದನ್ನು ಮನೆಯಲ್ಲಿರುವಂಥ ಪುಟ್ಟ ಆಂಪ್‌ಗೆ ಹಾಕಿ ನುಡಿಸಲಿ. ನೀವು ಬೆನ್ನು ತಿರುಗಿಸಿ ನಿಂತು ಯಾವುದು ಇಷ್ಟವಾಯಿತು ಅಂತ ಹೇಳಿ. ವ್ಯತ್ಯಾಸ ನಿಮಗೂ ಗೊತ್ತಾಗುತ್ತದೆ ನೋಡಿ. ಮತ್ತೆ, ಪರ್ಸು ನಿಮ್ಮ ಹತ್ತಿರವೇ ಇರಲಿ.