ತಾತ ಬಾಯಿ ಬಿಡದಿದ್ದರೆ ಅಜ್ಜಿಯನ್ನು ಕೇಳಿ

ಚಿಂತಾಮಣಿ ಕಡೆಯ ಕಾಲೇಜು ಹುಡುಗಿಯೊಬ್ಬರು ಬರೆದಿದ್ದಾರೆ: "ನಮ್ಮ ಚಿಕ್ಕತಾತ 1971ರ ಯುದ್ಧದಲ್ಲಿದ್ದರು. ನಿಮ್ಮ ಪತ್ರಿಕೆಗೆ ಸಂದರ್ಶನ ಮಾಡೋಣ ಅಂತ ಮೂರು ಸಲ ಕೂತೆ. 'ಹೋದ್ವಿ, ಬಂದ್ವಿ, ಅದರಲ್ಲೇನಮ್ಮ ಇದೆ' ಅಂತ ಎದ್ದು ಹೋಗುತ್ತಾರೆ. ಏನು ಕೇಳಲಿ?"

ಸಂಪಾದಕರ ಉತ್ತರ:

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ನೀವು ಕಳಿಸಿದ ಪ್ರಶ್ನೆಗಳನ್ನು ನೋಡಿದೆ. ಮೊದಲನೆಯದೇ "ಯುದ್ಧ ನಿಮ್ಮ ಬದುಕಿನ ಮೇಲೆ ಯಾವ ಪರಿಣಾಮ ಬೀರಿತು?" ಹತ್ತು ಅಂಕದ ಪ್ರಶ್ನೆ ಇದು. ನಾನಾದರೂ ಎದ್ದು ಹೋಗುತ್ತಿದ್ದೆ.

ನಾನೂ ಇದೇ ತಪ್ಪು ಮಾಡಿದವನೇ. ಮಾಲೂರಿನ ಹತ್ತಿರ ಸೈನಿಕರೊಬ್ಬರ ಹೆಂಡತಿಗೆ "ಆಗ ನಿಮಗೆ ಏನನ್ನಿಸ್ತು?" ಅಂದೆ. "ಕಾಫಿ ತರ್ತೀನಿ" ಅಂತ ಒಳಗೆ ಹೋದವರು ಅರ್ಧ ಗಂಟೆ ಬರಲಿಲ್ಲ. ರೆಕಾರ್ಡರ್ ಚೀಲಕ್ಕೆ ಹಾಕಿ ಹೊರಟಾಗ ಪಡಸಾಲೆಯಲ್ಲಿದ್ದ ಕಪ್ಪು ಟ್ರಂಕ್ ಕಂಡಿತು. "ಇದು ಅವರದಾ?" ಅಂದೆ, ಅಷ್ಟೆ. ಕತ್ತಲಾಗುವ ತನಕ ಮಾತಾಡಿದರು.

ಹಾಗಾಗಿ ಸಾಮಾನು ಹಿಡಿದು ಕೇಳಿ. ಟ್ರಂಕ್, ಕಂಬಳಿ, ಹಳೇ ಕಾಗದ. ಸೈನಿಕರ ವಿಳಾಸದಲ್ಲಿ ಊರಿನ ಹೆಸರು ಇರುವುದಿಲ್ಲ. "ಕೇರಾಫ್ 56 ಎಪಿಓ" ಅಥವಾ "99 ಎಪಿಓ" ಅಂತಿರುತ್ತದೆ, ಅದು ಸೇನೆಯ ಅಂಚೆ. ಮಗ ಎಲ್ಲಿದ್ದಾನೆ ಅಂದರೆ ಮನೆಯವರ ಕೈಲಿದ್ದದ್ದು ಆ ನಂಬರೊಂದೇ. ಆ ಕಾಗದ ಓದಿ ಹೇಳುತ್ತಿದ್ದವರು ಯಾರು? ಉತ್ತರ ಬರೆದುಕೊಡುತ್ತಿದ್ದವರು ಯಾರು?

ಇದಕ್ಕೆ ತಾತನಿಗಿಂತ ಅಜ್ಜಿಯೇ ವಾಸಿ. ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ. ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದದ್ದು ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮ ಕಡೆ ಅದು ರಾಗಿ ಒಕ್ಕಣೆಯ ಕಾಲ, ಅಲ್ವಾ? ಆ ವರ್ಷ ಕಣದಲ್ಲಿ ಯಾರಿದ್ದರು, ಊರಲ್ಲಿ ರೇಡಿಯೋ ಯಾರ ಮನೆಯಲ್ಲಿತ್ತು, ತಂತಿ ಬಂತು ಅಂತ ಯಾರಾದರೂ ಕೂಗಿದರೆ ಮನೆಯಲ್ಲಿ ಏನಾಗುತ್ತಿತ್ತು, ಇದನ್ನೆಲ್ಲ ಕೇಳಿ.

ಯುದ್ಧಕ್ಕೆ ಹೋಗದವರನ್ನೂ ಬಿಡಬೇಡಿ. 1962ರ ಚೀನಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮ ಬಂತು. ಹೊಸ ಒಡವೆ 14 ಕ್ಯಾರೆಟ್ ಮೀರುವಂತಿರಲಿಲ್ಲ. (14 ಕ್ಯಾರೆಟ್ ತಾಳಿ ಯಾರು ಮಾಡಿಸ್ತಾರೆ ಹೇಳಿ!) ದೇಶದ ಎಷ್ಟೋ ಅಕ್ಕಸಾಲಿಗರ ಅಗ್ಗಿಷ್ಟಿಕೆ ಆರಿಹೋಯಿತು. ಆಗ ನಿಮ್ಮ ಚಿಂತಾಮಣಿಯೂ ಚಿನ್ನದ ಗಣಿಯ ಕೋಲಾರ ಜಿಲ್ಲೆಗೇ ಸೇರಿತ್ತು. ಹಳೇ ಅಕ್ಕಸಾಲಿಗರ ಮನೆ ಹತ್ತಿರದಲ್ಲಿದ್ದರೆ ಒಂದು ಸಂಜೆ ಹೋಗಿ ಬನ್ನಿ.

ಮನೆಮಾತು ತೆಲುಗು ಅಂತ ಬರೆದಿದ್ದೀರಿ. ತಾತ ತೆಲುಗಿನಲ್ಲೇ ಹೇಳಲಿ. ನಡುವೆ ಪಟಾಲಂ ಹಿಂದಿ ಬಂದರೆ ಅದನ್ನೂ ಹಾಗೇ ಬರೆದುಕೊಳ್ಳಿ. ಕನ್ನಡ ಮಾಡುವುದು ಆಮೇಲೆ ಇದ್ದೇ ಇದೆ.

ಏಳನೇ ಪ್ರಶ್ನೆ, "ಎಷ್ಟು ಜನರನ್ನು ಕೊಂದಿರಿ?" ದಯವಿಟ್ಟು ಹೊಡೆದುಹಾಕಿ. ಸತ್ತ ಜೊತೆಗಾರರ ಮಾತು ಅವರಾಗಿಯೇ ಎತ್ತಿದರೆ ಕೇಳಿ. ಅವರು ಮಾತು ನಿಲ್ಲಿಸಿದರೆ ನೀವೂ ಸುಮ್ನೆ ಕೂತಿರಿ, ಫೋನ್ ನೋಡಬೇಡಿ.

ಬರೆದಾದ ಮೇಲೆ ತಾತನಿಗೆ ಓದಿ ಹೇಳಿ. ಬೇಡ ಅಂದ ಸಾಲನ್ನು ತೆಗೆದುಬಿಡಿ, ಎಷ್ಟೇ ಚೆನ್ನಾಗಿದ್ದರೂ. ಹಳೇ ಕಾಗದ ಸಿಕ್ಕಿದರೆ ಫೋಟೋ ಸಾಕು. ಕಾಗದವನ್ನೇ ನಮಗೆ ಅಂಚೆಯಲ್ಲಿ ಕಳಿಸಬೇಡಿ.