ಓದುಗರ ಪ್ರಶ್ನೆ: ಸೋನಾರ್ ಹಾಕಿಸಿದರೆ ಬಂಗಡೆ ಸಿಗುತ್ತಾ?

ಪ್ರಶ್ನೆ: ನಮ್ಮದು ಪರ್ಸೀನ್ ಬೋಟ್ (ಹಿಂಡಿನ ಸುತ್ತ ಬಲೆ ಬಿಟ್ಟು ಅಡಿ ಬಿಗಿಯುವಂಥದ್ದು), ಐವರು ಪಾಲುದಾರರು. ಫಿಶ್ ಫೈಂಡರ್ ಮೊದಲಿಂದಲೂ ಇದೆ. ಈಗ ಸುತ್ತಲೂ ನೋಡುವ ಸ್ಕ್ಯಾನಿಂಗ್ ಸೋನಾರ್ ಹಾಕಿಸೋಣ ಅಂತ ಮೂವರು, ಬೇಡ ಅಂತ ಇಬ್ಬರು. 1600 ಮೀಟರ್ ದೂರದ ಮೀನೂ ಕಾಣುತ್ತದೆ ಅಂತಾರೆ ಮಾರುವವರು. ಬೋಟು ನಡೆಸುವ ತಾಂಡೇಲ ನನ್ನ ಚಿಕ್ಕಪ್ಪ. ‘ನೀರಿನ ಬಣ್ಣ ನೋಡಲು ಬರದವನಿಗೆ ಟಿವಿ ಬೇಕು’ ಅಂತ ನಗುತ್ತಾರೆ. ಯಾರ ಮಾತು ಕೇಳೋದು?
– ಒಬ್ಬ ಓದುಗ, ಬೈತಖೋಲ, ಕಾರವಾರ

ಉತ್ತರ: ಚಿಕ್ಕಪ್ಪನದ್ದೂ, ಸೋನಾರ್ ಬೇಕು ಅನ್ನುವವರದ್ದೂ ಅರ್ಧರ್ಧ ಕೇಳಿ. ಆದರೆ ಆ 1600 ಮೀಟರಿನ ಮಾತನ್ನು ಮಾತ್ರ ಬಂದರಿನಲ್ಲೇ ಬಿಟ್ಟು ಹೊರಡಿ.

ಎರಡೂ ನೀರಲ್ಲಿ ಸದ್ದು ಬಿಟ್ಟು, ಅದು ಮೀನಿಗೆ ಬಡಿದು ವಾಪಸ್ ಬರುವುದನ್ನು ಕೇಳುತ್ತವೆ. ಫಿಶ್ ಫೈಂಡರ್ ನೋಡುವುದು ಬೋಟಿನ ಅಡಿಗೆ ಮಾತ್ರ. ಅಂದರೆ ಮೀನಿನ ಮೇಲೆ ಹೋದ ಮೇಲೆ ಮೀನಿದೆ ಅಂತ ಗೊತ್ತಾಗುತ್ತದೆ, ಪರ್ಸೀನಿನವರಿಗೆ ಅದು ತಡವಾದ ಸುದ್ದಿ. ಸೋನಾರ್ ಪಕ್ಕಕ್ಕೆ ನೋಡುತ್ತದೆ. ಅದರಲ್ಲೂ ಎರಡು ಜಾತಿ ಇದೆ. ಟಾರ್ಚ್ ತಿರುಗಿಸಿದ ಹಾಗೆ ಒಂದೇ ಕಿರಣವನ್ನು ಸ್ವಲ್ಪ ಸ್ವಲ್ಪ ತಿರುಗಿಸುವ ಸರ್ಚ್‌ಲೈಟ್ ಸೋನಾರ್ ಒಂದು. ಒಂದೇ ಸಲ ಎಲ್ಲ ದಿಕ್ಕಿಗೂ ಸದ್ದು ಬಿಟ್ಟು, ಎಲ್ಲ ದಿಕ್ಕಿನಿಂದಲೂ ಕೇಳುವ ಸ್ಕ್ಯಾನಿಂಗ್ ಸೋನಾರ್ ಇನ್ನೊಂದು. ಲೆಕ್ಕ ನೋಡಿ. ಸಮುದ್ರದ ನೀರಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, 300 ಮೀಟರ್ ಹೋಗಿ ವಾಪಸ್ ಬರಲು 0.4 ಸೆಕೆಂಡ್ ಸಾಕು. ಟಾರ್ಚಿನಂಥದ್ದು ಒಮ್ಮೆಗೆ 6 ಡಿಗ್ರಿ ತಿರುಗಿದರೆ ಸುತ್ತು ಮುಗಿಯಲು 60 ಸಲ ಸದ್ದು ಬಿಡಬೇಕು, ಅಂದರೆ 24 ಸೆಕೆಂಡ್. 8 ನಾಟ್ ವೇಗದ ಬೋಟು ಅಷ್ಟರಲ್ಲಿ ಹೆಚ್ಚುಕಮ್ಮಿ 100 ಮೀಟರ್ ಮುಂದೆ ಹೋಗಿರುತ್ತದೆ. ಹಿಂಡು ಎತ್ತ ಓಡಿತೋ! ಸ್ಕ್ಯಾನಿಂಗ್ ಸೋನಾರ್ ಅಷ್ಟನ್ನೂ 0.4 ಸೆಕೆಂಡಿನಲ್ಲೇ ತೋರಿಸುತ್ತದೆ. ಬಲೆ ಸುತ್ತುವಾಗ ಹಿಂಡು ಒಳಗಿದೆಯಾ, ತಪ್ಪಿಸಿಕೊಳ್ತಿದೆಯಾ ಅಂತಲೂ ಕಾಣುತ್ತದೆ. ಪಾಲುದಾರರಲ್ಲಿ ಆ ಮೂವರ ಮಾತಿಗೆ ಇದೇ ಬಲ.

ಈಗ ದೂರದ ವಿಷಯ. ನಮ್ಮ ಸಮುದ್ರ ಜಾರುಬಂಡೆ ಹಾಗಲ್ಲ, ಅಂಗಳದ ಹಾಗೆ. ನಿಧಾನಕ್ಕೆ ಇಳಿಯುತ್ತದೆ. 12–14 ಮಾರು, ಅಂದರೆ ಸುಮಾರು 25 ಮೀಟರ್ ನೀರಲ್ಲಿ ಹುಡುಕುತ್ತಿದ್ದೀರಿ ಅಂದುಕೊಳ್ಳಿ. ಕಿರಣವನ್ನು 5 ಡಿಗ್ರಿ ಕೆಳಗೆ ಬಾಗಿಸಿದರೆ ಅದು 285 ಮೀಟರ್ ಹೋಗುವಷ್ಟರಲ್ಲಿ ನೆಲ ಮುಟ್ಟುತ್ತದೆ. 10 ಡಿಗ್ರಿ ಬಾಗಿಸಿದರೆ 145 ಮೀಟರಿಗೇ ಮುಟ್ಟುತ್ತದೆ. ಅದೂ ಕಿರಣದ ನಡುವಿನ ಲೆಕ್ಕ, ಕಿರಣಕ್ಕೆ ದಪ್ಪ ಇರುವುದರಿಂದ ಕೆಳಗಿನ ಅಂಚು ಇನ್ನೂ ಮೊದಲೇ ನೆಲಕ್ಕೆ ಬಡಿಯುತ್ತದೆ. ಹಾಗಂತ ಬಾಗಿಸದೆ ಅಡ್ಡಕ್ಕೆ ಬಿಟ್ಟರೆ ಮೇಲಿನ ಅಲೆಯೇ ಪರದೆ ತುಂಬುತ್ತದೆ. ಆಳದ ಸಮುದ್ರದಲ್ಲಿ 1600 ಮೀಟರ್ ನಿಜ ಇರಬಹುದು. ಇಲ್ಲಿ 300–400 ಮೀಟರ್ ಚೆನ್ನಾಗಿ ನೋಡಲು ಬಂದರೆ ಅದೇ ದೊಡ್ಡದು. ದೂರಕ್ಕೆ ದುಡ್ಡು ಕೊಡಬೇಡಿ. ಕಿರಣ ಬಾಗಿಸುವ ಟಿಲ್ಟ್ ಗುಂಡಿ ಕಲಿಯಲು ಒಂದು ಸೀಸನ್ ಕೊಡಿ.

ನೆಲ ಪರದೆ ಮೇಲೆ ಬಳೆಯ ಹಾಗೆ ಗುಂಡಗೆ ಕಾಣುತ್ತದೆ. ನೆಲ ಯಾವುದು, ಹಿಂಡು ಯಾವುದು ಅಂತ ತಿಳಿಯಲು ಟಿಲ್ಟ್ ಎರಡು ಡಿಗ್ರಿ ಆಚೀಚೆ ಮಾಡಿ ನೋಡಿ, ಬಳೆ ದೊಡ್ಡದು ಚಿಕ್ಕದು ಆಗುತ್ತದೆ. ಹಿಂಡು ಮಸುಕಾಗಬಹುದು, ದೂರ ಮಾತ್ರ ಬದಲಾಗುವುದಿಲ್ಲ. ದೇವಗಡ, ಕೂರ್ಮಗಡ ದ್ವೀಪಗಳ ಹತ್ತಿರ ಬಂಡೆಯೂ ಸದ್ದನ್ನು ಜೋರಾಗಿ ವಾಪಸ್ ಕಳಿಸಿ ಹಿಂಡಿನ ಹಾಗೇ ಕೆಂಪಗೆ ಕಾಣುತ್ತದೆ. ಅದನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳಿ, ನಾಳೆಯೂ ಅಲ್ಲೇ ಇದ್ದರೆ ಅದು ಬಂಗಡೆ ಅಲ್ಲ.

ಚಿಕ್ಕಪ್ಪನ ಮಾತಿಗೆ ಬರೋಣ. ಬಣ್ಣ, ಹಕ್ಕಿ, ಕತ್ತಲ ರಾತ್ರಿಯಲ್ಲಿ ಹಿಂಡು ಅಲುಗಿದಾಗ ನೀರಲ್ಲಿ ಏಳುವ ಬೆಳಕು, ಇದನ್ನೆಲ್ಲ ಓದುವವರು ಬೋಟಿನಲ್ಲಿ ಇದ್ದರೆ ಸೋನಾರ್ ಎರಡು ಪಟ್ಟು ಕೆಲಸಕ್ಕೆ ಬರುತ್ತದೆ, ಎಲ್ಲಿ ನೋಡಬೇಕು ಅಂತ ಅವರು ಹೇಳುತ್ತಾರಲ್ವಾ. ಮಳೆಗಾಲದಲ್ಲಿ ಆಳದ ತಣ್ಣೀರು ನಮ್ಮ ಕರಾವಳಿ ಕಡೆ ಮೇಲೇರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಆಗಸ್ಟ್–ಸೆಪ್ಟೆಂಬರಿನಲ್ಲಿ ಮೀನು ಹೆಚ್ಚಾಗಿ ಮೇಲಿನ ನೀರಲ್ಲೇ ಇರುತ್ತದೆ. ಚಿಕ್ಕಪ್ಪನಿಗೆ ಕಾರಣ ಗೊತ್ತಿಲ್ಲದಿದ್ದರೂ ಮೀನು ಮೇಲಿದೆ ಅಂತ ಗೊತ್ತು. ನೀವು ಟಿಲ್ಟ್ ಕಡಿಮೆ ಇಡಿ, ಅಷ್ಟೇ.

ಸೋನಾರ್ ಹಾಕಿಸುವುದಾದರೆ ಮೀನುಗಾರಿಕೆ ಬಂದ್ ಇರುವಾಗಲೇ ಹಾಕಿಸಿ, ಜೂನ್ 1ರಿಂದ ಜುಲೈ 31ರೊಳಗೆ. ಬೋಟಿನ ತಳ ಕೊರೆದು ಕೂರಿಸಬೇಕು, ದಡದ ಮೇಲಿದ್ದಾಗಲೇ ಆಗುವ ಕೆಲಸ. ಸದ್ದು ಬಿಡುವ ಅದರ ಕೊಳವೆ ಕೆಳಗೆ ಇಳಿಯುತ್ತದೆ, ಮೇಲೆ ಬರುತ್ತದೆ. ಬಂದರಿಗೆ ಬರುವಾಗ ಮೇಲೆತ್ತಲು ಮರೆಯಬೇಡಿ. ತದಡಿ ಅಳಿವೆಯಲ್ಲಿ ನಾನೇ ಮರೆತು ಮರಳಿಗೆ ತಾಗಿಸಿದ್ದೆ, ಕೊಳವೆ ಬಾಗಿ ವಾರಗಟ್ಟಲೆ ಬೋಟು ಕಟ್ಟಿ ಕೂತಿತ್ತು. ಪಾಲುದಾರರು ನನಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಪ್ರಶ್ನೆ: ನಾವು ಘಟ್ಟದ ಮೇಲಿನವರು, ಮೀನಿನ ಗಾಡಿಯ ಹಾರ್ನ್ ಕೇಳಿದರೆ ಪಾತ್ರೆ ಹಿಡಿದು ಓಡುವುದಷ್ಟೇ ಗೊತ್ತು. ಆ ಮೆಷಿನ್ನಿಗೆ ಇದು ಬಂಗಡೆ, ಇದು ತಾರ್ಲೆ (ಬೂತಾಯಿ) ಅಂತ ತಿಳಿಯುತ್ತದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ ಅಕ್ಕ. ಮೀನು ಕೊಯ್ಯುವಾಗ ಬೆನ್ನುಮೂಳೆಯ ಕೆಳಗೆ ಬಿಳಿ ಬಲೂನಿನಂಥ ಚೀಲ ನೋಡಿರುತ್ತೀರಿ. ತೇಲಲು ಮೀನು ಇಟ್ಟುಕೊಂಡ ಗಾಳಿ ಅದು. ಸದ್ದು ಜೋರಾಗಿ ವಾಪಸ್ ಬರುವುದು ಮಾಂಸದಿಂದಲ್ಲ, ಆ ಗಾಳಿಯಿಂದ. ಶಾರ್ಕ್, ತೊರಕೆಗೆ ಆ ಚೀಲವೇ ಇಲ್ಲ, ಹಾಗಾಗಿ ಅವು ಮಸುಕು. ಪರದೆ ಮೇಲೆ ಬರುವುದು ಬಣ್ಣದ ಮಚ್ಚೆ ಮಾತ್ರ. ಅದರ ಆಕಾರ, ಆಳ, ಹೊತ್ತು ನೋಡಿ ಇದು ಇಂಥದ್ದು ಅಂತ ಊಹೆ ಮಾಡುವುದು ತಾಂಡೇಲ. 1948ರಲ್ಲಿ ಜಪಾನಿನ ಫುರುನೊ ಅಣ್ಣತಮ್ಮಂದಿರು ಮೀನುಗಾರರಿಗೆ ಫಿಶ್ ಫೈಂಡರ್ ಮಾಡಿಕೊಟ್ಟ ಕಾಲದಿಂದಲೂ ಈ ಊಹೆಯ ಕೆಲಸ ಮನುಷ್ಯನದ್ದೇ.

ಪ್ರಶ್ನೆ: ನಾವು ಸಣ್ಣ ಪಾತಿ ದೋಣಿಯವರು. ಎಲ್‌ಇಡಿ ಲೈಟ್ ಹಾಕಿ ಹಿಡಿಯೋದು ಬಂದ್ ಮಾಡಿದರು. ಸೋನಾರ್ ಯಾಕೆ ಬಂದ್ ಮಾಡೋದಿಲ್ಲ?
– ಓದುಗರು, ಹೊನ್ನಾವರ

ಉತ್ತರ: 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ನಿಲ್ಲಿಸಿದ್ದು ಬೆಳಕು ಹಾಕಿ ಮೀನು ಕರೆಯುವುದನ್ನು. ಬೆಳಕಿಗೆ ದೊಡ್ಡದು, ಮರಿ ಎಲ್ಲ ಬರುತ್ತದೆ. ಸೋನಾರ್ ಕರೆಯುವುದಿಲ್ಲ, ಹುಡುಕುತ್ತದೆ. ಆದರೆ ನಿಮ್ಮ ಸಿಟ್ಟು ಸುಮ್ನೆ ಅಲ್ಲ. ಮೊದಲು ತಪ್ಪಿಸಿಕೊಳ್ಳುತ್ತಿದ್ದ ಹಿಂಡು ಈಗ ತಪ್ಪಿಸಿಕೊಳ್ಳುವುದಿಲ್ಲ, ಮತ್ತೆ ಆ ಹಿಂಡು ಮರಿಗಳದ್ದಾ ಅಂತ ಸೋನಾರ್ ಹೇಳುವುದಿಲ್ಲ. ಬಂಗಡೆ 14 ಸೆಂಟಿಮೀಟರ್, ತಾರ್ಲೆ 10 ಸೆಂಟಿಮೀಟರಿಗಿಂತ ಸಣ್ಣದು ಹಿಡಿಯಬಾರದು ಅಂತ ಕೇಂದ್ರೀಯ ಸಾಗರ ಮೀನು ಸಂಶೋಧನಾ ಸಂಸ್ಥೆಯವರು ಹೇಳಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಪರದೆ ಬಿಟ್ಟು ಬಲೆಯ ಕಣ್ಣು ಅಳೆಯಬೇಕು. ಬಲೆ ಬಿಗಿಯುವ ಮೊದಲೇ ಒಂದು ಬುಟ್ಟಿ ಎತ್ತಿ ನೋಡಿ, ಮರಿಯಾದರೆ ಬಲೆ ಸಡಿಲ ಬಿಡುವ ತಾಂಡೇಲರೂ ಇದ್ದಾರೆ. ಜಾಸ್ತಿ ಇಲ್ಲ.

ಪ್ರಶ್ನೆ: ಸೋನಾರಿನಲ್ಲಿ ಕೆಂಪು ಮಚ್ಚೆ, ಬಲೆ ಹಾಕಿದರೆ ಖಾಲಿ. ಎರಡು ಸಲ ಹೀಗಾಯಿತು.
– ಓದುಗರು, ಭಟ್ಕಳ

ಉತ್ತರ: ನಿಮ್ಮದೇ ಬೋಟಿನ ನೊರೆ ಇರಬೇಕು. ಪ್ರೊಪೆಲ್ಲರ್ ಎಬ್ಬಿಸಿದ ಗುಳ್ಳೆಯೂ ಗಾಳಿಯೇ ಅಲ್ವಾ, ಮೀನಿನ ಹಾಗೇ ಹೊಳೆಯುತ್ತದೆ. ತಿರುಗಿ ಬರುವಾಗ ನೀವು ಮೊದಲು ಹೋದ ದಾರಿಯಲ್ಲೇ ಮಚ್ಚೆ ಇದ್ದರೆ ಅನುಮಾನ ಪಡಿ. ಕಿರಣವನ್ನು ಇನ್ನಷ್ಟು ಕೆಳಗೆ ಬಾಗಿಸಿ ನೋಡಿ. ನೊರೆ ಮೇಲಿನ ನೀರಲ್ಲೇ ಇರುವುದರಿಂದ ಮಾಯವಾಗುತ್ತದೆ, ಆಳದಲ್ಲಿರುವ ಹಿಂಡು ಇನ್ನೂ ಚೆನ್ನಾಗಿ ಕಾಣುತ್ತದೆ. ಹಿಂಡೂ ಮೇಲೇ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಬೋಟು ನಿಧಾನ ಮಾಡಿ ಎರಡು ನಿಮಿಷ ಕಾಯಿರಿ, ನೊರೆ ನಿಂತಲ್ಲೇ ಕರಗುತ್ತಾ ಹೋಗುತ್ತದೆ, ಮೀನು ಜಾಗ ಬದಲಿಸುತ್ತದೆ. ಮಚ್ಚೆ ಬದಲು ಗೆರೆ ಗೆರೆ ಬಂದರೆ ಅದು ಪಕ್ಕದ ಬೋಟಿನ ಸೋನಾರ್. ಫ್ರೀಕ್ವೆನ್ಸಿ ಸ್ವಲ್ಪ ಬದಲಿಸಿ, ಹೋಗುತ್ತದೆ.