ಗ್ರೀನ್ ಪಕ್ಕದಲ್ಲೇ ಕೈಕೊಡುವ ಚಿಪ್ ಶಾಟ್

ಪ್ರಶ್ನೆ: ಗಾಲ್ಫ್ ಕಲಿಯಲು ಶುರು ಮಾಡಿ ಒಂದು ವರ್ಷವಾಯಿತು. ದೂರದ ಹೊಡೆತ ಪರವಾಗಿಲ್ಲ. ಗ್ರೀನ್ (ಹೋಲ್ ಇರುವ, ಹುಲ್ಲು ನುಣ್ಣಗೆ ಕತ್ತರಿಸಿದ ಜಾಗ) ಹತ್ತಿರ ಬಂದು ಚಿಪ್ ಮಾಡಲು, ಅಂದರೆ ಚೆಂಡನ್ನು ಚೂರು ಹಾರಿಸಿ ಉಳಿದ ದೂರ ಉರುಳಿಸಲು, ಹೋದ ಕೂಡಲೇ ಎಲ್ಲ ಕೆಡುತ್ತದೆ. ಒಂದೋ ಕ್ಲಬ್ (ಗಾಲ್ಫ್ ಕೋಲು) ಮೊದಲು ನೆಲಕ್ಕೆ ಬಡಿದು ಚೆಂಡು ಅಲ್ಲೇ ಉಳಿಯುತ್ತದೆ, ಇಲ್ಲವೇ ಚೆಂಡಿನ ನೆತ್ತಿಗೆ ತಗುಲಿ ಗ್ರೀನ್ ದಾಟಿ ಆಚೆ ಓಡುತ್ತದೆ. ವಾರಕ್ಕೊಮ್ಮೆ ಸ್ಯಾಂಡ್ ವೆಜ್ (ಮುಖ ತುಂಬಾ ಓರೆಯಿರುವ ಕ್ಲಬ್) ಹಿಡಿದು ಒಂದು ಬಕೆಟ್ ಚೆಂಡು ಹೊಡೆಯುತ್ತೇನೆ. ಆಟದ ದಿನ ಮಾತ್ರ ಏನೂ ಉಪಯೋಗಕ್ಕೆ ಬರುವುದಿಲ್ಲ.

ಉತ್ತರ: ನೋಡಲು ಇವು ಎರಡು ತಪ್ಪು, ಆದರೆ ಬೇರು ಒಂದೇ. ನೀವು ಚೆಂಡನ್ನು ಎತ್ತಲು ಹೋಗುತ್ತಿದ್ದೀರಿ. ಕೊನೇ ಗಳಿಗೆಯಲ್ಲಿ ಮೈಭಾರ ಹಿಂದಿನ ಕಾಲಿಗೆ ಜಾರುತ್ತದೆ, ಮಣಿಕಟ್ಟು ಸಡಿಲವಾಗಿ ಕ್ಲಬ್ಬಿನ ತಲೆ ಕೈಗಿಂತ ಮುಂದೆ ಹೋಗುತ್ತದೆ. ಸ್ಯಾಂಡ್ ವೆಜ್‌ನ ಮುಖ ಸುಮಾರು 56 ಡಿಗ್ರಿ ಓರೆಯಾಗಿಯೇ ಇರುತ್ತದೆ, ಎತ್ತುವ ಕೆಲಸ ಅದರದ್ದು. ನೀವು ಮೇಲಿನಿಂದ ಕೆಳಕ್ಕೆ ಸುಮ್ನೆ ತಾಗಿಸಿದರೆ ಸಾಕು.

ಕಾಲುಗಳನ್ನು ಹತ್ತಿರ ಇಡಿ. ಭಾರ ಹೆಚ್ಚಾಗಿ ಗುರಿ ಕಡೆಯ ಕಾಲಿನ ಮೇಲಿರಲಿ, ಹೊಡೆತ ಮುಗಿಯುವ ತನಕ ಅಲ್ಲೇ ಇರಲಿ. ಚೆಂಡು ನಡುವಿನಿಂದ ಚೂರು ಹಿಂದೆ, ಕೈ ಚೂರು ಮುಂದೆ. ಚೂರು ಅಂದರೆ ಚೂರೇ! ಜಾಸ್ತಿ ಮುಂದೆ ಒಯ್ದರೆ ಕ್ಲಬ್ಬಿನ ಅಂಚು ಗುದ್ದಲಿಯ ಹಾಗೆ ನೆಲ ಕಚ್ಚುತ್ತದೆ. ಇನ್ನೊಂದು, ಹೆದರಿ ಅರ್ಧದಲ್ಲಿ ಕೈ ತಡೆಯಬೇಡಿ. ದೂರ ಕಡಿಮೆ ಬೇಕಿದ್ದರೆ ಹಿಂದಕ್ಕೆ ಬೀಸುವುದನ್ನು ಕಡಿಮೆ ಮಾಡಿ.

ಭಾರ ಜಾರುತ್ತಿದೆಯೇ ಎಂದು ತಿಳಿಯಲು ಚೆಂಡಿಗಿಂತ ಅರ್ಧ ಅಡಿ ಹಿಂದೆ ಒಂದು ತೆಳು ಟವೆಲ್ ಹಾಸಿ. ಕ್ಲಬ್ ಇಳಿಯುವಾಗ ಟವೆಲ್‌ಗೆ ಬಡಿದರೆ ತಪ್ಪು ಅಲ್ಲೇ ಗೊತ್ತಾಗುತ್ತದೆ.

ಇನ್ನು ನಿಮ್ಮ ಬಕೆಟ್. ನನಗೆ ಅಸಲಿ ತೊಂದರೆ ಕಾಣುವುದು ಇಲ್ಲೇ. ಒಂದೇ ಜಾಗ, ಒಂದೇ ಕ್ಲಬ್, ಒಳ್ಳೇ ಹುಲ್ಲು, ಮೂರನೇ ಚೆಂಡಿನ ಹೊತ್ತಿಗೆ ಕೈಗೆ ದೂರ ಗೊತ್ತಾಗಿಬಿಡುತ್ತದೆ, ಆಮೇಲಿನದ್ದೆಲ್ಲ ಅಭ್ಯಾಸ ಅಲ್ಲ, ಬರೀ ಪುನರಾವರ್ತನೆ. ಆಟದಲ್ಲಿ ಸಿಗುವುದು ಒಂದೇ ಅವಕಾಶ ಅಲ್ವಾ? ಹಾಗಾಗಿ ಮೊದಲು ಹೋಲ್ ನೋಡುವುದನ್ನು ಬಿಟ್ಟು, ಚೆಂಡು ಎಲ್ಲಿ ಬೀಳಬೇಕು ಎಂದು ನೋಡಿ. ಗ್ರೀನ್ ಅಂಚಿನಿಂದ ಒಂದು ಮೀಟರ್ ಒಳಗೆ ಟವೆಲ್ ಹಾಸಿ, ಮೊದಲು ಕೈಯಲ್ಲೇ ಚೆಂಡು ಎಸೆದು ಅದರ ಮೇಲೆ ಬೀಳಿಸಿ. ಆಮೇಲೆ ಕ್ಲಬ್ ಹಿಡಿದು ಅದೇ ಟವೆಲ್‌ಗೆ ಹೊಡೆಯಿರಿ, ಬೀಸು ಬದಲಿಸದೆ ಕ್ಲಬ್ ಮಾತ್ರ ಬದಲಿಸುತ್ತಾ ಹೋಗಿ. ಸಮತಟ್ಟಾದ ಗ್ರೀನ್‌ನಲ್ಲಿ ಸ್ಯಾಂಡ್ ವೆಜ್‌ನಿಂದ ಹೊಡೆದ ಚೆಂಡು ಹಾರಿದಷ್ಟೇ ದೂರ ಉರುಳುತ್ತದೆ. ಮುಖ ಅದಕ್ಕಿಂತ ಕಡಿಮೆ ಓರೆಯಿರುವ ಪಿಚಿಂಗ್ ವೆಜ್ ಆದರೆ ಸುಮಾರು ಎರಡು ಪಟ್ಟು, ಇನ್ನೂ ಕಡಿಮೆ ಓರೆಯ 8 ಐರನ್ ಆದರೆ ಮೂರು ಪಟ್ಟಿಗೂ ಜಾಸ್ತಿ. ಏರು, ಇಳಿಜಾರು ಬಂದರೆ ಲೆಕ್ಕ ಬದಲಾಗುತ್ತದೆ. ಎಲ್ಲದಕ್ಕೂ ಸ್ಯಾಂಡ್ ವೆಜ್ಜೇ ತೆಗೆಯುವ ಚಟ ಯಾಕೆ ಬಿಡಬೇಕು ಎಂದು ಇದರಲ್ಲೇ ಗೊತ್ತಾಗುತ್ತದೆ. ಚೆಂಡು ನೆಲದ ಮೇಲೆ ಜಾಸ್ತಿ ಉರುಳಿದಷ್ಟೂ ಎಡವಟ್ಟು ಕಡಿಮೆ.

ಉಳಿದ ಅರ್ಧ ಹೊತ್ತಿಗೆ ಒಂದೇ ಚೆಂಡು, ಜೊತೆಗೆ ಪಟರ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್). ಚೆಂಡನ್ನು ಹಿಂದಕ್ಕೆ ಎಸೆಯಿರಿ, ಎಲ್ಲಿ ಬಿತ್ತೋ ಅಲ್ಲಿಂದಲೇ ಚಿಪ್ ಮಾಡಿ, ಪಟ್ ಮಾಡಿ ಹೋಲ್‌ಗೆ ಹಾಕಿಯೇ ಮುಂದಿನ ಜಾಗಕ್ಕೆ ಹೋಗಿ. ಎರಡೇ ಹೊಡೆತದಲ್ಲಿ ಎಷ್ಟು ಸಲ ಮುಗಿಯಿತು ಎಂದು ಬರೆದಿಡಿ. ಮೊದಲ ವಾರ ಲೆಕ್ಕ ನೋಡಿ ಬೇಜಾರಾಗುತ್ತದೆ, ಆಗಲಿ ಬಿಡಿ.

ಪ್ರಶ್ನೆ: ಚಿಪ್ ಮಾಡುವಾಗ ಒಂದೇ ಬೀಸಿನಲ್ಲಿ ಕ್ಲಬ್ ಎರಡು ಸಲ ತಗುಲಿತು. ದಂಡ ಇದೆಯಾ?

ಉತ್ತರ: 2019ರಿಂದ ಇಲ್ಲ. ಅಕಸ್ಮಾತ್ ತಗುಲಿದರೆ ಒಂದೇ ಹೊಡೆತದ ಲೆಕ್ಕ. ಮೊದಲು ಒಂದು ಹೊಡೆತದ ದಂಡ ಇತ್ತು. 1985ರ ಯುಎಸ್ ಓಪನ್ ಗಾಲ್ಫ್ ಪಂದ್ಯಾವಳಿಯ ಕೊನೇ ದಿನ ತೈವಾನ್‌ನ ಟಿ.ಸಿ. ಚೆನ್ ನಾಲ್ಕು ಹೊಡೆತ ಮುಂದಿದ್ದರು. ಐದನೇ ಹೋಲ್‌ನಲ್ಲಿ ಹೀಗೇ ಎರಡು ಸಲ ತಗುಲಿ ಅಲ್ಲಿ 8 ಹೊಡೆತ ಆಯಿತು. ಕೊನೆಗೆ ಆಂಡಿ ನಾರ್ತ್ ಎದುರು ಸೋತಿದ್ದು ಒಂದೇ ಹೊಡೆತದಿಂದ. ಆದರೆ ಉರುಳುತ್ತಿರುವ ಚೆಂಡಿಗೆ ಬೇಕೆಂದೇ ಇನ್ನೊಂದು ಏಟು ಕೊಟ್ಟರೆ ಈಗಲೂ ದಂಡ ತಪ್ಪುವುದಿಲ್ಲ.